ಅವ್ವನೂ ಕೂತು ನೋಡುವ ಸಿನಿಮಾ: ಪಾಪ್‌ಕಾರ್ನ್‌ಗೆ ನಮ್ಮ ಹಿಂಡಿ, ನಮ್ಮ ಬೆಲ್ಲ

ಬಸ್ಸಿನ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೇಳ್ತಿರುವವರಿಗೆ, ಮಗ್ಗದ ಸಪ್ಪಳದ ನಡುವೆ ವಾಲ್ಯೂಮ್ ಫುಲ್ ಇಟ್ಟವರಿಗೆ, ಎಲ್ಲರಿಗೂ ಸ್ವಾಗತ. ಪರೀಕ್ಷೆ, ಸಾಲ, ಕೆಲಸ ಅಂತ ಹೋದ ಮೂರು ಸಂಚಿಕೆಗಳು ಸ್ವಲ್ಪ ಭಾರ ಆದವು. ಇವತ್ತು ಹಗುರ ವಿಷಯ. ಶನಿವಾರ ರಾತ್ರಿ ಮನಿಮಂದಿಯೆಲ್ಲ ಕೂಡಿ ಒಂದು ಸಿನಿಮಾ ನೋಡೋದು, ಅದಕ್ಕೆ ಪಾಪ್‌ಕಾರ್ನ್ ಮನೆಯಲ್ಲೇ ಮಾಡೋದು. ಚೀಸ್ ಪೌಡರ್, ಪೆರಿ ಪೆರಿ ಮಸಾಲಾ ಅಂತ ಆನ್‌ಲೈನ್ ಆರ್ಡರ್ ಹಾಕುವ ಕೆಲಸ ಇಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಮನೆಗಳ ಡಬ್ಬಿಯಲ್ಲಿ ಈಗಾಗಲೇ ಏನಿದೆಯೋ ಅದರಿಂದಲೇ ನಾಲ್ಕೈದು ರುಚಿ ಮಾಡಬಹುದು. ಹೆಂಗ ಅನ್ನೋದನ್ನ ಅಳತೆ ಸಮೇತ ಹೇಳ್ತೀನಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ: ಆ ಸಿನಿಮಾ ನೋಡೋರು ಯಾರು?

ಒಂಬತ್ತು ಸಲ ಎದ್ದ ಅವ್ವ

ರಬಕವಿಯಿಂದ ಒಬ್ಬ ಹುಡುಗಿ ವಾಯ್ಸ್ ನೋಟ್ ಕಳಿಸಿದ್ದಳು. ಡಿಗ್ರಿ ಎರಡನೇ ವರ್ಷ. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಅವರ ಅವ್ವ ಹಗಲೆಲ್ಲ ಕಂಡಿಕಿ ಸುತ್ತುತ್ತಾರೆ, ಸಂಜೆ ಅಡಿಗೆ. ಆಕೆ ಹೇಳಿದ ಮಾತು ಇದು: "ಅಕ್ಕಾ, ನಮ್ಮನಿಯಾಗ ಟೀವಿ ಐತಿ, ನಾಕು ಫೋನ್ ಅದಾವ. ಆದ್ರ ನಮ್ಮವ್ವ ಒಂದು ಸಿನಿಮಾನೂ ಶುರುದಿಂದ ಕಡೀತನಕ ನೋಡಿದ್ದು ನಾ ಕಂಡಿಲ್ಲ."

ಇದನ್ನ ಕೇಳಿದ ಮೇಲೆ ಜಮಖಂಡಿಯ ನಮ್ಮ ಮನೆಯಲ್ಲಿ ಒಂದು ಭಾನುವಾರ ನಾನು ಸುಮ್ಮನೆ ಲೆಕ್ಕ ಹಿಡಿದೆ. ಎರಡೂವರೆ ತಾಸಿನ ಸಿನಿಮಾ. ಅವ್ವ ಎದ್ದಿದ್ದು 9 ಸಲ. ಹಾಲು ಉಕ್ಕೀತಂತ ಒಮ್ಮೆ, ಅಪ್ಪಗ ಚಾ ಅಂತ ಎರಡು ಸಲ, ಬಾಗಿಲಿಗೆ ಯಾರೋ ಬಂದ್ರಂತ ಒಮ್ಮೆ, ತಮ್ಮಗ "ಏನರ ತಿನ್ನಾಕ" ಅಂತ ಹೋದಾಕಿ ಮಿರ್ಚಿ ಭಜಿ ಕರಿಯುತ್ತಾ ಮುಕ್ಕಾಲು ತಾಸು ಅಲ್ಲೇ ಉಳಿದಳು. ಕ್ಲೈಮ್ಯಾಕ್ಸಿಗೆ ಬಂದು ಕೂತು, "ಅಂವ ಯಾಕ ಸತ್ತ?" ಅಂತ ಕೇಳಿದಳು. ಮನೆಯವರೆಲ್ಲ ಕೂಡಿ "ಆಮೇಲೆ ಹೇಳ್ತೇವಿ, ಸುಮ್ನಿರು" ಅಂದರು. ಆಮೇಲೆ ಯಾರೂ ಹೇಳಲಿಲ್ಲ. ಎಲ್ಲರೂ ಮಲಗಲು ಹೋದರು, ಅವ್ವ ಬಾಂಡೆ ತಿಕ್ಕಲು ಹೋದಳು.

ಮನೆಯಲ್ಲಿ ಮೂವಿ ನೈಟ್ ಅನ್ನೋದು ಇನ್‌ಸ್ಟಾಗ್ರಾಮ್ ರೀಲ್‌ಗಳಲ್ಲಿ ಭಾಳ ಚಂದ ಕಾಣ್ತದ. ಮಿಣುಕು ದೀಪ, ದಿಂಬು, ಗಾಜಿನ ಬೌಲ್‌ನಲ್ಲಿ ಪಾಪ್‌ಕಾರ್ನ್. ಆ ಬೌಲ್ ತುಂಬಿಸಿದವರು ಎಲ್ಲಿ ಕೂತಿದ್ದಾರೆ ಅಂತ ರೀಲ್ ತೋರಿಸೋದಿಲ್ಲ. ನನ್ನ ಮಾತು ಇಷ್ಟೇ: ತಿನಿಸು ಮಾಡಿದವರು ಸಿನಿಮಾ ಪೂರ್ತಿ ನೋಡಿದರೆ ಮಾತ್ರ ಅದು ಮನೆಯ ಸಿನಿಮಾ. ಅದಕ್ಕೆ ಪಾಪ್‌ಕಾರ್ನ್‌ನಷ್ಟು ಅನುಕೂಲದ ತಿನಿಸು ಬೇರೆ ಇಲ್ಲ. ಹದಿನೈದು ನಿಮಿಷದ ಕೆಲಸ, ಸಿನಿಮಾ ಶುರುವಾಗೋ ಮೊದಲೇ ಮುಗೀತದ. ಬಿಸಿ ಬಿಸಿ ಬಡಿಸಬೇಕು ಅಂತಿಲ್ಲ. ತಾಟು, ಚಮಚ ಬೇಡ. ಮತ್ತ ಮುಖ್ಯವಾಗಿ, ಇದನ್ನ ಹತ್ತನೇ ಕ್ಲಾಸಿನ ಹುಡುಗನೂ ಮಾಡಬಹುದು.

ಬಿ.ಕಾಂ. ಕಣ್ಣಿನಿಂದ ಪಾಪ್‌ಕಾರ್ನ್

ನಾನು ಕಾಮರ್ಸ್ ಓದಿದಾಕಿ. ಹಂಗಾಗಿ ಪಾಪ್‌ಕಾರ್ನ್ ಅಂದ ತಕ್ಷಣ ನನಗೆ ನೆನಪಾಗೋದು ಜಿಎಸ್‌ಟಿ. ನಗಬ್ಯಾಡ್ರಿ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆ ಮುಗಿದ ಮೇಲೆ ದೇಶ ತುಂಬಾ ಪಾಪ್‌ಕಾರ್ನ್ ಮೀಮ್‌ಗಳು ಓಡಾಡಿದ್ದು ನೆನಪಿರಬೇಕು. ಉಪ್ಪು, ಮಸಾಲೆ ಹಾಕಿದ ಬಿಡಿ ಪಾಪ್‌ಕಾರ್ನ್‌ಗೆ ಶೇ 5, ಅದನ್ನೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ ಶೇ 12, ಸಕ್ಕರೆ ಪಾಕದ ಕ್ಯಾರಮೆಲ್ ಪಾಪ್‌ಕಾರ್ನ್ ಆದರೆ ಮಿಠಾಯಿ ಲೆಕ್ಕಕ್ಕೆ ಹೋಗಿ ಶೇ 18 ಅಂತ ಆಗ ಸ್ಪಷ್ಟನೆ ಬಂತು. 2025ರ ಸೆಪ್ಟೆಂಬರ್ 22ರಿಂದ ಹೊಸ ದರಗಳು ಬಂದ ಮೇಲೆ ಮೂರೂ ಶೇ 5ಕ್ಕೆ ಬಂದು ನಿಂತವು.

ಮನೆಯಲ್ಲಿ ಅವ್ವ ಮಾಡಿದ ಪಾಪ್‌ಕಾರ್ನ್‌ಗೆ ತೆರಿಗೆ ಎಷ್ಟು? ಸೊನ್ನೆ. ಕೂಲಿ ಎಷ್ಟು? ಅದೂ ಸೊನ್ನೆ. ಕಾಸ್ಟಿಂಗ್ ಕ್ಲಾಸಿನಲ್ಲಿ ನಮಗೆ ಅವಕಾಶ ವೆಚ್ಚ ಅಂತ ಒಂದು ಪಾಠ ಇತ್ತು. ಒಂದು ಕೆಲಸ ಆರಿಸಿಕೊಂಡಾಗ ಅದಕ್ಕಾಗಿ ಬಿಟ್ಟುಕೊಟ್ಟ ಇನ್ನೊಂದರ ಬೆಲೆ ಅದು. ಅವ್ವ ಭಜಿ ಕರಿದಾಗ ಬಿಟ್ಟುಕೊಟ್ಟಿದ್ದು ಮುಕ್ಕಾಲು ತಾಸಿನ ಸಿನಿಮಾ. ಯಾವ ಲೆಕ್ಕದ ಪುಸ್ತಕದಲ್ಲೂ ಅದು ಬರೆದಿರೋದಿಲ್ಲ. ಬರೆಯದ ಖರ್ಚು ಯಾರ ಕಣ್ಣಿಗೂ ಬೀಳೋದಿಲ್ಲ.

ಹಂಗಂತ ಎಲ್ಲರೂ ಥಿಯೇಟರಿಗೆ ಹೋಗೋಣ ಅಂದ್ರೆ? ಹೋಗಬೇಕು, ದೊಡ್ಡ ಪರದೆಯ ಮಜಾನೇ ಬೇರೆ. ಆದರೆ ಮಲ್ಟಿಪ್ಲೆಕ್ಸ್ ಅಂದ್ರೆ ನಮ್ಮ ಕಡೆಯವರು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತ್ತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಆ 200ರ ಲೆಕ್ಕವನ್ನೇ ಹಿಡಿದರೂ ಐದು ಮಂದಿಯ ಮನೆಗೆ ಟಿಕೆಟ್ಟಿಗೇ 1000 ರೂಪಾಯಿ. ಬಸ್ ಚಾರ್ಜು, ಊಟ, ಒಳಗಿನ ಪಾಪ್‌ಕಾರ್ನ್ ಬೇರೆ. ವಾರದ ಪಗಾರದಲ್ಲಿ ಸಂಸಾರ ನಡೆಯುವ ಮನೆಗೆ ಅದು ವರ್ಷಕ್ಕೊಮ್ಮೆಯ ಹಬ್ಬ.

ಪಾಪ್‌ಕಾರ್ನ್ ಸಿನಿಮಾದ ಜೋಡಿ ಆಗಿದ್ದೂ ಬಡತನದ ಕಾಲದಲ್ಲೇ. ಅಮೆರಿಕದಲ್ಲಿ ಮೊದಮೊದಲು ಥಿಯೇಟರ್ ಮಾಲೀಕರು ಅದನ್ನ ಒಳಗೆ ಬಿಡ್ತಿರಲಿಲ್ಲ. ಒಳ್ಳೊಳ್ಳೆ ಜಮಖಾನೆ ಹಾಸಿದ್ದರು, ಕಾಳು ಬಿದ್ದು ಹೊಲಸಾಗ್ತದ ಅಂತ. 1930ರ ದಶಕದ ಆರ್ಥಿಕ ಕುಸಿತ ಬಂತು. ಐದು-ಹತ್ತು ಸೆಂಟಿಗೆ ಒಂದು ಚೀಲ ಪಾಪ್‌ಕಾರ್ನ್ ಬಡವರ ಕೈಗೂ ಎಟುಕುತ್ತಿತ್ತು. ಹೊರಗೆ ಮಾರುತ್ತಿದ್ದ ಗಾಡಿಯವರ ಲಾಭ ನೋಡಿ ಥಿಯೇಟರ್‌ನವರು ತಾವೇ ಒಳಗೆ ಮಷಿನ್ ಇಟ್ಟರು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದು ಚಾಕೊಲೇಟು, ಮಿಠಾಯಿ ಕಡಿಮೆಯಾದಾಗ ಪಾಪ್‌ಕಾರ್ನ್ ಗಟ್ಟಿಯಾಗಿ ನೆಲೆಯೂರಿತು. ಅಗ್ಗ ಅಂತ ಶುರುವಾದ ತಿನಿಸು ಇವತ್ತು ಟಿಕೆಟ್ಟಿಗಿಂತ ತುಟ್ಟಿಯಾಗಿ ಮಾರಾಟ ಆಗ್ತದ. ಅದನ್ನ ಮತ್ತೆ ಅಗ್ಗ ಮಾಡೋದು ನಮ್ಮ ಕೈಯಲ್ಲಿದೆ.

ನಾಗರ ಪಂಚಮಿಯ ಪಾಪ್‌ಕಾರ್ನ್

ಕಾಳು ಸಿಡಿಸಿ ತಿನ್ನೋದು ನಮಗೇನು ಹೊಸದಾ? ನಾಗರ ಪಂಚಮಿಗೆ ಮನೆಯಲ್ಲಿ ಜೋಳದ ಅಳ್ಳು ಹುರಿದದ್ದನ್ನ ನೆನಪು ಮಾಡಿಕೊಳ್ರಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಜೊತೆ ಒಂದು ದೊಡ್ಡ ಬುಟ್ಟಿ ಅಳ್ಳು. ಅಜ್ಜಿಯರು ಜೋಳಕ್ಕೆ ನೀರು ಚಿಮುಕಿಸಿ, ಅರಿವೆಯಲ್ಲಿ ಕಟ್ಟಿ ರಾತ್ರಿ ಇಡ್ತಿದ್ದರು. ಮರುದಿನ ಕಾದ ಹಂಚಿನಲ್ಲಿ ಹಿಡಿ ಹಿಡಿ ಹಾಕಿ ಅರಿವೆ ಉಂಡಿಯಿಂದ ಒತ್ತಿ ಆಡಿಸಿದರೆ ಬೆಳ್ಳಗ ಮಲ್ಲಿಗಿ ಮೊಗ್ಗಿನಂಗ ಅರಳ್ತಿತ್ತು.

ನೀರು ಯಾಕೆ ಚಿಮುಕಿಸ್ತಿದ್ದರು? ಪಾಪ್‌ಕಾರ್ನ್‌ನ ವಿಜ್ಞಾನ ಪೂರಾ ಅದರಲ್ಲೇ ಇದೆ. ಪಾಪ್‌ಕಾರ್ನ್ ಕಾಳಿನೊಳಗೆ ಸುಮಾರು ಶೇ 14ರಷ್ಟು ನೀರಿನ ಅಂಶ ಇರಬೇಕು. ಕಾಳು ಕಾದಂತೆ ಆ ನೀರು ಆವಿಯಾಗ್ತದೆ. ಹೊರಗಿನ ಸಿಪ್ಪೆ ಗಟ್ಟಿ ಇರೋದರಿಂದ ಆವಿಗೆ ಹೊರಗೆ ಬರಲು ದಾರಿ ಸಿಗೋದಿಲ್ಲ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 9 ಪಟ್ಟು ಆಗಿರ್ತದೆ. ಆಗ ಸಿಪ್ಪೆ ಒಡೆದು, ಒಳಗೆ ಮೆತ್ತಗಾದ ಹಿಟ್ಟು ನೊರೆಯಂತೆ ಹೊರಗೆ ಉಬ್ಬಿ ತಣ್ಣಗಾಗಿ ಗಟ್ಟಿಯಾಗ್ತದೆ. ಕಾಳು ಒಣಗಿ ಹೋಗಿದ್ದರೆ ಆವಿ ಸಾಲೋದಿಲ್ಲ, ತಳದಲ್ಲಿ ಕಲ್ಲಿನಂಥ ಕಾಳು ಉಳಿದುಬಿಡ್ತಾವ.

ಹಳೇ ಪ್ಯಾಕೆಟ್ ಸರಿಯಾಗಿ ಸಿಡಿಯದಿದ್ದರೆ ಅಜ್ಜಿಯ ಉಪಾಯವನ್ನೇ ಮಾಡ್ರಿ. ಅರ್ಧ ಕೆಜಿ ಕಾಳಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕುಲುಕಿ ಎರಡು-ಮೂರು ದಿನ ಇಡ್ರಿ, ದಿನಕ್ಕೆರಡು ಸಲ ಕುಲುಕಬೇಕು. ಮತ್ತೆ ಸಿಡಿಯಲು ಶುರುವಾಗ್ತದೆ.

ಇನ್ನೊಂದು ಪ್ರಶ್ನೆ ಭಾಳ ಮಂದಿ ಕೇಳ್ತಾರೆ: "ಹೊಲದಾಗ ಗೋವಿನಜೋಳ ಬೆಳದೇವಲ್ಲ, ಅದನ್ನ ಹಾಕಿದ್ರ ಆಗೂದಿಲ್ಲೇನು?" ಆಗೂದಿಲ್ರಿ. ಕೋಳಿ ಆಹಾರಕ್ಕೆ, ಸ್ಟಾರ್ಚ್‌ಗೆ ಹೋಗುವ ಗೋವಿನಜೋಳದ ಕಾಳು ದೊಡ್ಡದು, ಸಿಪ್ಪೆ ಆವಿಯನ್ನ ಹಿಡಿದಿಡೋದಿಲ್ಲ. ಅದು ಹುರಿದ ಕಾಳಾಗ್ತದೆ, ಹೂವಾಗೋದಿಲ್ಲ. ಪಾಪ್‌ಕಾರ್ನ್‌ಗೆ ಸಣ್ಣ, ಗಟ್ಟಿ ಸಿಪ್ಪೆಯ ಬೇರೆ ತಳಿಯೇ ಬೇಕು. ಕಿರಾಣಿ ಅಂಗಡಿಯಲ್ಲಿ ಪಾಪ್‌ಕಾರ್ನ್ ಕಾಳು ಅಂತಲೇ ಕೇಳ್ರಿ. ಜೋಳದಲ್ಲೂ ಹಂಗೇ, ಚಲೋ ಅರಳುವ ಜೋಳಕ್ಕೆ ರೈತರು ಅಳ್ಳಿನ ಜೋಳ ಅಂತಲೇ ಬೇರೆ ಹೆಸರಿಟ್ಟಿದ್ದಾರೆ.

ಮೊದಲು ಬಿಳಿ ಪಾಪ್‌ಕಾರ್ನ್

ಈಗ ಅಡಿಗೆಮನೆಗೆ ಬರೋಣು. ಒಂದು ಸಲಕ್ಕೆ 50 ಗ್ರಾಂ ಕಾಳು ಸಾಕು, ಅಂದ್ರೆ ಕಾಲು ಕಪ್. ಅದು ಏಳೆಂಟು ಕಪ್ ಆಗಿ ಉಬ್ಬುತ್ತದೆ. ಐದು ಮಂದಿಗೆ ಎರಡು ಸಲ ಮಾಡ್ರಿ, ಎರಡು ಬೇರೆ ಬೇರೆ ರುಚಿ ಆಗ್ತದೆ. ದಪ್ಪ ತಳದ ಪಾತ್ರೆ ಬೇಕು. ಕುಕ್ಕರ್ ಆದರೂ ನಡೀತದ, ಆದರೆ ಅದರ ಮುಚ್ಚಳ ಹಾಕಬ್ಯಾಡ್ರಿ. ಮ್ಯಾಲೆ ಒಂದು ತಾಟು ಮುಚ್ಚಿದರೆ ಸಾಕು.

ಒಂದು ದೊಡ್ಡ ಚಮಚ ಎಣ್ಣೆ ಹಾಕಿ, ನಡುವಿನ ಉರಿಯಲ್ಲಿ ಮೂರು ಕಾಳು ಬಿಡ್ರಿ. ಆ ಮೂರೂ ಸಿಡಿದರೆ ಎಣ್ಣೆ ಕಾದಿದೆ ಅಂತರ್ಥ. ಉರಿ ಆರಿಸಿ, ಉಳಿದ ಕಾಳು ಹಾಕಿ, ಮೂವತ್ತರವರೆಗೆ ಎಣಿಸ್ರಿ. ಇಷ್ಟರಲ್ಲಿ ಎಲ್ಲಾ ಕಾಳೂ ಒಂದೇ ಹದಕ್ಕೆ ಬಿಸಿಯಾಗ್ತಾವ. ಮತ್ತೆ ಉರಿ ಹಚ್ಚಿ ತಾಟು ಮುಚ್ಚಿರಿ, ಆವಿ ಹೋಗಲು ಸಂದಿ ಬಿಡ್ರಿ. ಸಂದಿ ಬಿಡದಿದ್ದರೆ ಪಾಪ್‌ಕಾರ್ನ್ ರಬ್ಬರಿನಂಗ ಆಗ್ತದ. ಪಾತ್ರೆಯನ್ನ ನಡುನಡುವೆ ಅಲ್ಲಾಡಿಸ್ರಿ. ಒಂದು ಸಪ್ಪಳಕ್ಕೂ ಇನ್ನೊಂದಕ್ಕೂ ನಡುವೆ ಎರಡು-ಮೂರು ಸೆಕೆಂಡ್ ಆದರೆ ಇಳಿಸಿಬಿಡ್ರಿ.

ಉಪ್ಪಿನ ಗುಟ್ಟು ಒಂದಿದೆ. ನಾವು ಸಾರಿಗೆ ಹಾಕುವ ಉಪ್ಪು ಪಾಪ್‌ಕಾರ್ನ್‌ಗೆ ಅಂಟೋದಿಲ್ಲ, ತಳಕ್ಕೆ ಇಳಿದುಬಿಡ್ತದೆ. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಹಿಟ್ಟಿನಂಗ ಮಾಡ್ರಿ. 50 ಗ್ರಾಂ ಕಾಳಿಗೆ ಕಾಲು ಚಹಾ ಚಮಚ ಸಾಕು. ಯಾವ ಪುಡಿಗಾದರೂ ಇದೇ ನಿಯಮ: ಪುಡಿ ಸಣ್ಣ ಇರಬೇಕು, ಅಂಟಲು ಒಂದಿಷ್ಟು ಜಿಡ್ಡು ಇರಬೇಕು.

ನಾಲ್ಕು ರುಚಿ, ನಾಲ್ಕು ಸಿನಿಮಾ

ಮೊದಲನೇದು ಶೇಂಗಾ ಹಿಂಡಿ. ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಖಾರ ಚಟ್ನಿ ಪುಡಿ. ಶೇಂಗಾದಲ್ಲಿ ಎಣ್ಣೆ ಇರೋದರಿಂದ ಅದು ಗಂಟು ಕಟ್ತದೆ. ಎರಡು ದೊಡ್ಡ ಚಮಚ ಹಿಂಡಿಗೆ ಒಂದು ಚಮಚ ಪುಟಾಣಿ ಹಿಟ್ಟು ಸೇರಿಸಿ, ಮಿಕ್ಸಿಯಲ್ಲಿ ಎರಡೇ ಸಲ ಗರ್ ಗರ್ ಅನಿಸಿ, ಜರಡಿ ಹಿಡೀರಿ. ಬಿಸಿ ಪಾಪ್‌ಕಾರ್ನ್ ಮ್ಯಾಲೆ ಒಂದು ಚಮಚ ಕರಗಿದ ತುಪ್ಪ ಚಿಮುಕಿಸಿ, ಹಿಂಡಿ ಉದುರಿಸಿ, ದೊಡ್ಡ ಡಬ್ಬಿಯಲ್ಲಿ ಹಾಕಿ ಕುಲುಕ್ರಿ. ಬಳ್ಳೊಳ್ಳಿ, ಜೀರಗಿ, ಖಾರ ಮೂರೂ ಅದರಲ್ಲೇ ಇವೆ. ಇದು ನಗುವ ಸಿನಿಮಾಕ್ಕೆ. ಜೆ.ಪಿ. ತುಮಿನಾಡು ಅವರ 2025ರ 'ಸು ಫ್ರಮ್ ಸೋ' ಇಟ್ಕೊಳ್ರಿ. ಕರಾವಳಿ ಹಳ್ಳಿಯ ದೆವ್ವದ ಕಥೆ, ಬಾಗಲಕೋಟಿ ಖಾರ. ನಕ್ಕು ನಕ್ಕು ನೆತ್ತಿಗೆ ಹತ್ತೀತು, ಪಕ್ಕದಲ್ಲಿ ನೀರಿರಲಿ.

ಎರಡನೇದು ಗುರೆಳ್ಳು ಹಿಂಡಿ. ಕರ್‍ರಗ, ಹುರಿದ ವಾಸನೆ, ಕೊನೆಗೆ ಸ್ವಲ್ಪ ಕಹಿ. ಮಾಡೋ ಕ್ರಮ ಶೇಂಗಾ ಹಿಂಡಿಯದ್ದೇ. ಪುಡಿ ಮಾತ್ರ ಒಂದೂವರೆ ಚಮಚ ಸಾಕು, ಜಾಸ್ತಿಯಾದರೆ ಬಾಯಿ ಒಣಗ್ತದೆ. ಇದಕ್ಕೆ ಥ್ರಿಲ್ಲರ್ ಹೊಂದಿಕೆ ಆಗ್ತದೆ, ಪವನ್ ಕುಮಾರ್ ಅವರ 'ಯೂ ಟರ್ನ್', 2016. ಕತ್ತಲೆಯಲ್ಲಿ ಕಪ್ಪು ಪಾಪ್‌ಕಾರ್ನ್ ಯಾರ ಕೈಗೆ ಎಷ್ಟು ಬಂತು ಅಂತ ಕಾಣೋದಿಲ್ಲ, ಹಂಗಾಗಿ ಜಗಳಾನೂ ಇಲ್ಲ.

ಮೂರನೇದು ಬೆಲ್ಲದ ಪಾಪ್‌ಕಾರ್ನ್. ಮುಧೋಳ ಸುತ್ತಲಿನ ಕಬ್ಬು, ಮಹಾಲಿಂಗಪುರದ ಬೆಲ್ಲದ ಪ್ಯಾಟಿ ಇಷ್ಟು ಹತ್ತಿರ ಇರುವಾಗ ಕ್ಯಾರಮೆಲ್ ಪ್ಯಾಕೆಟ್ ಯಾಕೆ ಬೇಕು? ಬೆಳ್ಳಗೆ ಹೊಳೆಯುವ ಬೆಲ್ಲಕ್ಕಿಂತ ಕಂದು ಬಣ್ಣದ ಬೆಲ್ಲ ತಗೊಳ್ರಿ, ರುಚಿ ಗಾಢ ಬರ್ತದೆ. 100 ಗ್ರಾಂ ಬೆಲ್ಲ, ಎರಡು ದೊಡ್ಡ ಚಮಚ ನೀರು ಹಾಕಿ ಕರಗಿಸಿ, ಕಸ ಇದ್ದರೆ ಸೋಸಿ, ಒಂದು ದೊಡ್ಡ ಚಮಚ ತುಪ್ಪ ಸೇರಿಸಿ ಕುದಿಸ್ರಿ. ಒಂದು ಹನಿ ತಣ್ಣೀರಿಗೆ ಬಿಟ್ಟಾಗ ಅದು ಗಟ್ಟಿಯಾಗಿ, ಮುರಿದರೆ ಟಕ್ ಅನ್ನಬೇಕು. ಶೇಂಗಾ ಚಿಕ್ಕಿಯ ಹದ ಅದು. ಮೆತ್ತಗಿದ್ದಾಗಲೇ ಇಳಿಸಿದರೆ ಪಾಪ್‌ಕಾರ್ನ್ ಹಲ್ಲಿಗೆ ಅಂಟ್ತದೆ. ಹದ ಬಂದಾಗ ಉರಿ ಆರಿಸಿ, ಏಲಕ್ಕಿ ಪುಡಿ, ಒಂದು ಚಿಟಿಕೆ ಒಣಶುಂಠಿ, ಕಾಲು ಚಹಾ ಚಮಚ ಅಡಿಗೆ ಸೋಡಾ ಹಾಕ್ರಿ. ಸೋಡಾ ಹಾಕಿದ ಕೂಡಲೇ ಪಾಕ ನೊರೆಯಾಗಿ ಉಬ್ಬುತ್ತದೆ, ಪಾಪ್‌ಕಾರ್ನ್‌ಗೆ ತೆಳ್ಳಗೆ ಹರಡುತ್ತದೆ. 50 ಗ್ರಾಂ ಕಾಳಿನ ಪಾಪ್‌ಕಾರ್ನ್‌ಗೆ ಸುರಿದು, ಮರದ ಸೌಟಿನಿಂದ ಕಲಸಿ, ತುಪ್ಪ ಸವರಿದ ತಾಟಿನಲ್ಲಿ ಹರವಿರಿ. ಒಂದು ಎಚ್ಚರಿಕೆ: ಬೆಲ್ಲದ ಪಾಕ ಕುದಿಯುವ ನೀರಿಗಿಂತ ಹೆಚ್ಚು ಬಿಸಿ, ಚರ್ಮಕ್ಕೆ ಅಂಟಿದರೆ ಬಿಡೋದಿಲ್ಲ. ಸಣ್ಣ ಮಕ್ಕಳನ್ನ ಒಲೆಯಿಂದ ದೂರ ಇಡ್ರಿ. ಇದರ ಜೋಡಿ ಸಿನಿಮಾ 'ಬಂಗಾರದ ಮನುಷ್ಯ'. 1972, ಸಿದ್ದಲಿಂಗಯ್ಯ ಅವರ ನಿರ್ದೇಶನ, ಟಿ.ಕೆ. ರಾಮರಾವ್ ಅವರ ಕಾದಂಬರಿ, ರಾಜ್‌ಕುಮಾರ್ ಅವರ ರಾಜೀವ. ಹೊಲ ನಂಬಿದವನ ಕಥೆಗೆ ಹೊಲದ ಸಿಹಿ.

ನಾಲ್ಕನೇದು ಒಗ್ಗರಣಿ ಅಳ್ಳು. ಮೊದಲೇ ಹುರಿದಿಟ್ಟ ಜೋಳದ ಅಳ್ಳು ಇದ್ದರೆ ಐದು ನಿಮಿಷದ ಕೆಲಸ. ಎಣ್ಣೆಗೆ ಸಾಸಿವಿ, ಜಜ್ಜಿದ ಬಳ್ಳೊಳ್ಳಿ, ಕರಿಬೇವು, ಶೇಂಗಾ, ಪುಟಾಣಿ, ಅರಿಷಿಣ, ಉಪ್ಪು, ಖಾರ. ಉರಿ ಆರಿಸಿ ಅಳ್ಳು ಹಾಕಿ ಕೈಯಾಡಿಸ್ರಿ. ಅಳ್ಳು ಪಾಪ್‌ಕಾರ್ನ್‌ಗಿಂತ ಸಣ್ಣದು, ಮೆತ್ತಗಿನದು, ಹಲ್ಲು ಕಡಿಮೆ ಇರುವ ಅಜ್ಜ-ಅಜ್ಜಿಯರಿಗೆ ಅನುಕೂಲ. ಇದಕ್ಕೆ ನಾನು ಇಡೋ ಸಿನಿಮಾ 'ನಾಗಮಂಡಲ'. ಗಿರೀಶ ಕಾರ್ನಾಡರ ನಾಟಕ, ಟಿ.ಎಸ್. ನಾಗಾಭರಣ ಅವರ ನಿರ್ದೇಶನ, ಸಿ. ಅಶ್ವತ್ಥ್ ಅವರ ಸಂಗೀತ, 1997. ಪಂಚಮಿಯ ಅಳ್ಳು, ನಾಗಪ್ಪನ ಕಥೆ, ಮಾತು ನಮ್ಮ ಉತ್ತರ ಕರ್ನಾಟಕದ್ದು. ಮನೆಯೊಳಗೆ ಬೀಗ ಹಾಕಿಸಿಕೊಂಡ ಒಬ್ಬ ಹೆಣ್ಣುಮಗಳ ಕಥೆ ಅದು. ಅವ್ವನ ಪಕ್ಕ ಕೂತು ನೋಡ್ರಿ. ನಿಮಗೆ ಕಾಣದ್ದು ಆಕಿಗೆ ಕಂಡಿರ್ತದ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಪಾಪ್‌ಕಾರ್ನ್ ಕೊಡಬ್ಯಾಡ್ರಿ. ಅರ್ಧ ಸಿಡಿದ ಕಾಳು ಗಂಟಲಲ್ಲಿ, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ, ಕತ್ತಲೆಯಲ್ಲಿ ಗೊತ್ತೂ ಆಗೋದಿಲ್ಲ.

ಇನ್ನು ಖರ್ಚು. ನಮ್ಮ ಕಿರಾಣಿ ಅಂಗಡಿಯ ರೇಟಿನ ಪ್ರಕಾರ 100 ಗ್ರಾಂ ಕಾಳು 16 ರೂಪಾಯಿ, ಎಣ್ಣೆ 6, ಹಿಂಡಿ 8, ಬೆಲ್ಲ 6, ತುಪ್ಪ 12. ಗ್ಯಾಸಿಗೆ 2 ಹಿಡೀರಿ. ಐದು ಮಂದಿಗೆ ಒಂದು ಖಾರ, ಒಂದು ಸಿಹಿ, ಎಲ್ಲಾ ಕೂಡಿ 50 ರೂಪಾಯಿ.

ಬೀಳಗಿಯಿಂದ ಬಾಂಬೆಗೆ ಹೋದ ದನಿ

ಮನೆಯಲ್ಲಿ ಅಜ್ಜಿ ಇದ್ದರೆ ಒಂದು ಹಳೇ ಹಿಂದಿ ಸಿನಿಮಾವನ್ನೂ ಪಟ್ಟಿಗೆ ಸೇರಿಸ್ರಿ: 'ಕಿಸ್ಮತ್', 1943, ಅಶೋಕ್ ಕುಮಾರ್ ಅವರದ್ದು. ಕಲ್ಕತ್ತಾದ ರಾಕ್ಸಿ ಥಿಯೇಟರಿನಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಓಡಿತು. ನಮಗೂ ಅದಕ್ಕೂ ಏನು ಸಂಬಂಧ ಅಂದ್ರೆ, ಅದರ ಹಾಡುಗಳಲ್ಲಿ ಕೇಳೋ ದನಿ ಬೀಳಗಿಯದು. ಅಮೀರ್‌ಬಾಯಿ ಕರ್ನಾಟಕಿ. ಬೀಳಗಿಯಲ್ಲಿ ಹುಟ್ಟಿ, ಬಾಂಬೆಗೆ ಹೋಗಿ, 1940ರ ದಶಕದ ದೊಡ್ಡ ಗಾಯಕಿಯರಲ್ಲಿ ಒಬ್ಬರಾದವರು. 1965ರಲ್ಲಿ ತೀರಿಕೊಂಡರು. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದವರು. ಅಮೀರ್‌ಬಾಯಿ ಅವರ ಬದುಕಿನ ಬಗ್ಗೆ ರಹಮತ್ ತರೀಕೆರೆ ಅವರು ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ.

ಯೋಚನೆ ಮಾಡ್ರಿ. ನಮ್ಮ ಜಿಲ್ಲೆಯ ಸಣ್ಣ ಊರಿನ ಹೆಣ್ಣುಮಗಳ ದನಿ ಎಂಬತ್ತು ವರ್ಷದ ಹಿಂದೆ ದೇಶದ ಥಿಯೇಟರ್‌ಗಳನ್ನ ತುಂಬಿತ್ತು. ಅದೇ ಸುತ್ತಲಿನ ಎಷ್ಟೋ ಹೆಣ್ಣುಮಕ್ಕಳಿಗೆ ಇವತ್ತೂ ಸ್ವಂತ ಮನೆಯ ಟೀವಿ ಮುಂದೆ ಎರಡೂವರೆ ತಾಸು ಕೂಡಲು ಬಿಡುವಿಲ್ಲ. ಈ ಸಿನಿಮಾಕ್ಕೆ ಹಿಂಡಿ, ಬೆಲ್ಲ ಏನೂ ಬೇಡ. ತುಪ್ಪ, ಉಪ್ಪು, ಒಂದಿಷ್ಟು ಕರಿಮೆಣಸು ಸಾಕು. ಹಾಡು ಕೇಳಿಸಬೇಕು.

ಮೂರು ನಿಯಮ

ನಮ್ಮ ಮನೆಯಲ್ಲಿ ನಾವು ಮೂರು ನಿಯಮ ಮಾಡಿದ್ದೀವಿ. ಬೇಕಾದರೆ ನೀವೂ ಹಿಡೀಬಹುದು.

ಒಂದು, ಪಾಪ್‌ಕಾರ್ನ್ ಮಾಡೋದು ಅವ್ವನ ಕೆಲಸ ಅಲ್ಲ. ಅವ್ವನ ಬದಲು ಮಗಳು ಒಳಗೆ ಹೋದರೂ ಲೆಕ್ಕ ಸರಿಯಾಗೋದಿಲ್ಲ. ಪಾಳಿ ಹಚ್ಚಬೇಕು, ಅಪ್ಪನ ಹೆಸರೂ ಆ ಪಾಳಿಯಲ್ಲಿ ಇರಬೇಕು. ನಮ್ಮ ತಮ್ಮ ಈಗ ಬೆಲ್ಲದ ಹದದಲ್ಲಿ ನನಗಿಂತ ಹುಷಾರ್ ಆಗ್ಯಾನ. ಊಟ ಎಂಟಕ್ಕೆ ಮುಗೀಬೇಕು, ಬಾಂಡೆ ಎಲ್ಲರೂ ಕೂಡಿ ತೊಳೀಬೇಕು, ಆಮೇಲೆ ಸಿನಿಮಾ. ಮಗ್ಗ ಇರುವ ಮನೆಯಲ್ಲಿ ಮಗ್ಗ ನಿಂತ ಮೇಲೆ.

ಎರಡು, ಸಿನಿಮಾ ಆರಿಸೋದಕ್ಕೂ ಪಾಳಿ. ಅವ್ವನ ವಾರ ಬಂದಾಗ "ಅದು ಹಳೇದು, ಬೋರು" ಅಂತ ಯಾರೂ ಅನ್ನಂಗಿಲ್ಲ. ಸಾಕಷ್ಟು ಹಳೇ ಕನ್ನಡ ಸಿನಿಮಾಗಳನ್ನ ಹಕ್ಕು ಇರುವ ಕಂಪನಿಗಳೇ ಯೂಟ್ಯೂಬ್‌ನಲ್ಲಿ ಹಾಕಿವೆ. ಟೆಲಿಗ್ರಾಂ ಲಿಂಕ್ ಹುಡುಕೋ ಗರಜು ಇಲ್ಲ. ಫೋನಿನಿಂದ ಟೀವಿಗೆ ಕಾಸ್ಟ್ ಮಾಡಿ ಹಚ್ಚಿಕೊಡೋದು ನಿಮ್ಮ ಕೆಲಸ.

ಮೂರು, ಯಾರು ಎದ್ದರೂ ಸಿನಿಮಾ ನಿಲ್ಲಬೇಕು. ಥಿಯೇಟರಿನಲ್ಲಿ ಇಲ್ಲದ ಒಂದು ಸವಲತ್ತು ಮನೆಯಲ್ಲಿದೆ, ಪಾಸ್ ಬಟನ್. ರಿಮೋಟ್ ಅವ್ವನ ಕೈಯಲ್ಲಿ. ಮೊದಲ ವಾರ ಅಪ್ಪ ರೂಢಿಯಂತೆ "ಒಂದು ಕಪ್ ಚಾ" ಅಂದರು. ಅವ್ವ ಪಾಸ್ ಒತ್ತಿದಳು. ಪರದೆ ನಿಂತಿತು, ಎಲ್ಲರೂ ಅಪ್ಪನ ಮುಖ ನೋಡಿದರು. ಫೈಟ್ ಸೀನ್ ನಡುವೆ ಬ್ಯಾರೆ. ಎರಡು ನಿಮಿಷ ಕೂತು, ಅಪ್ಪನೇ ಎದ್ದು, "ನೀ ಕುಂದರಾ, ನಾ ಕಾಯ್ಸತೇನಿ" ಅಂದರು. ಚಾ ಸ್ವಲ್ಪ ನೀರ್ ನೀರಾಗಿತ್ತು, ಯಾರೂ ಏನೂ ಅನ್ನಲಿಲ್ಲ. ಬರೆಯದ ಖರ್ಚು ಎಲ್ಲರ ಕಣ್ಣಿಗೆ ಕಂಡಿದ್ದು ಆವತ್ತೇ.

ಶುರುವಿನಲ್ಲಿ ಅವ್ವಂದಿರಿಗೆ ಸುಮ್ಮನೆ ಕೂಡೋದು ಕಷ್ಟ ಆಗ್ತದೆ. ಕೈ ಏನಾದರೂ ಕೆಲಸ ಹುಡುಕ್ತದೆ. ಬಳ್ಳೊಳ್ಳಿ ಸುಲಿಯಲು ತಂದಿಟ್ಕೋತಾರೆ, ಕಾಯಿಪಲ್ಯ ಸೋಸಲು ತರ್ತಾರೆ. ಅದನ್ನ ಮೆಲ್ಲಗೆ ಸರಿಸಿ, ಪಾಪ್‌ಕಾರ್ನ್ ಬುಟ್ಟಿ ಮುಂದಿಡ್ರಿ. ಒಂದು ಕೈಗೆ ಅದು, ಇನ್ನೊಂದು ಕೈಗೆ ರಿಮೋಟ್.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲಿ ಅಗಸಿ ಹಿಂಡಿ, ಪುಟಾಣಿ ಹಿಂಡಿ, ಒಣಕೊಬ್ಬರಿ ಖಾರ ಏನಿದೆಯೋ ಅದನ್ನ ಪಾಪ್‌ಕಾರ್ನ್‌ಗೆ ಹಚ್ಚಿ ನೋಡ್ರಿ, ಅಳತೆ ಸಮೇತ ವಾಯ್ಸ್ ನೋಟ್ ಕಳಿಸ್ರಿ. ಒಂದೇ ಷರತ್ತು: ರೆಸಿಪಿ ಜೊತೆಗೆ ಇನ್ನೊಂದು ಲೆಕ್ಕವೂ ಬೇಕು. ಸಿನಿಮಾ ಮುಗಿಯೋದರೊಳಗೆ ನಿಮ್ಮವ್ವ ಎಷ್ಟು ಸಲ ಎದ್ದರು? ಸೊನ್ನೆ ಅಂತ ಬಂದ ಮನೆಗಳ ರೆಸಿಪಿಯನ್ನ ಮುಂದಿನ ಸಂಚಿಕೆಯಲ್ಲಿ ಮೊದಲು ಓದ್ತೀನಿ. ಬರ್ತೇನ್ರಿ, ಶರಣು.